ನೆಗಡಿ ಡಾಕ್ಟರೂ ಪಟ್ಟಲಮ್ಮನ ಉಸಿರೂ

ನಮ್ಮಕ್ಕ ಚೂಡಾಮಣಿಗೆ ಆತಗೂರಿನಲ್ಲಿ ಇದ್ದ ಹೆಸರು ನೆಗಡಿ ಡಾಕ್ಟ್ರು. ಇಟ್ಟವರು ಯಾರೋ ಗೊತ್ತಿಲ್ಲ, ಕೈಗೆ ಸಿಕ್ಕಿದ್ದರೆ ಚೆನ್ನಾಗಿ ಉಗಿಯುತ್ತಿದ್ದೆ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಅದು ಸಾಲದು ಅಂತ ಪುಣೆಗೆ ಹೋಗಿ ವೈರಸ್ಸುಗಳ ವಿಚಾರ ಇನ್ನಷ್ಟು ಓದಿ, ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದ ಹೆಂಗಸು ಅವಳು. ಊರಿಗೆ ಬಂದಳೆಂದರೆ ಜನ ಜಗುಲಿ ಹತ್ತಿ ಕೇಳುತ್ತಿದ್ದುದು ಒಂದೇ ಮಾತು: "ನೆಗ್ಡಿಗೆ ಏನಾರ ಕೊಡ್ರವ್ವ."

"ನೆಗಡಿಗೆ ಔಷಧ ಇಲ್ಲ ಕಣ್ರಪ್ಪ," ಅಂತ ಅಕ್ಕ ನಗುವಳು.

"ಮತ್ತೆ ಇಷ್ಟ್ ವರ್ಸ ಏನ್ ಓದುದ್ರಿ?"

ಅಕ್ಕ ಇನ್ನೂ ಜೋರಾಗಿ ನಗುವಳು. ನಮ್ಮಪ್ಪ ತಿರುನಾರಾಯಣನವರಿಗೆ ಮಾತ್ರ ಈ ಪ್ರಶ್ನೆ ಕೇಳಿದರೆ ನಗು ಬರುತ್ತಿರಲಿಲ್ಲ. ಅಪ್ಪ ಊರ ದೇವಸ್ಥಾನದ ಮಡಪ್ಪಳ್ಳಿಯಲ್ಲಿ ಅಡುಗೆ ಮಾಡುತ್ತಿದ್ದರು. ಮಡಪ್ಪಳ್ಳಿ ಅಂದರೆ ದೇವರ ಅಡುಗೆಮನೆ. ಅಲ್ಲಿ ಒಲೆಯ ಮುಂದೆ ನಿಂತಷ್ಟು ಹೊತ್ತೂ ಮೂಗು ಬಾಯಿ ಮುಚ್ಚುವಂತೆ ಒಗೆದ ಬಟ್ಟೆ ಕಟ್ಟಿಕೊಂಡಿರುತ್ತಿದ್ದರು, ದೇವರ ಪೊಂಗಲಿಗೆ ಮನುಷ್ಯರ ಉಸಿರು ತಾಗಬಾರದು ಅಂತ. ಮನೆಗೆ ಬಂದ ಮೇಲೆ ಆ ಬಟ್ಟೆ ಬಿಚ್ಚಿ ಮೊದಲು ಆಡುತ್ತಿದ್ದ ಮಾತು, "ವರದ, ನಿನ್ನ ಅಕ್ಕನಿಗೆ ಒಂದು ಗಂಡು ನೋಡೋ." ಅಕ್ಕನ ಹತ್ತಿರ ಮದುವೆ ಮಾತೆತ್ತಿದರೆ ಅವಳು ಶೀತದ ಮಾತೆತ್ತುವಳು. ನಾನು ಊರಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಈ ಇಬ್ಬರ ನಡುವೆ ಸಿಕ್ಕಿ ನನ್ನ ತಲೆ ಕೆಟ್ಟುಹೋಗಿತ್ತು.

ಆದರೆ ಅವಳು ನೆಗಡಿಯನ್ನೇ ಯಾಕೆ ಹಿಡಿದಳು ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ನಮಗೆ ಒಬ್ಬ ತಮ್ಮ ಇದ್ದ. ಎಳೆಗೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಮಾರ್ಗಶಿರದ ಚಳಿಯಲ್ಲಿ ಅವನಿಗೆ ಸ್ವಲ್ಪ ಮೂಗು ಸೋರಿತು, ಆಮೇಲೆ ಪಕ್ಕೆ ಎಳೆಯಲು ಶುರುವಾಯಿತು, ಮುಗಿದುಹೋಯಿತು. ನಮ್ಮಮ್ಮ ಪದ್ಮಮ್ಮ ಸಾಯುವವರೆಗೂ, "ಬರೀ ಶೀತ ಆಗಿತ್ತಲ್ಲೇ ಚೂಡಾ, ಬರೀ ಶೀತ," ಅನ್ನುತ್ತಿದ್ದರು. ನಮ್ಮ ಕಡೆ ಚಳಿಗಾಲ ಬಂತೆಂದರೆ ಯಾರದಾದರೂ ಮನೆಯಲ್ಲಿ ಒಂದು ತೊಟ್ಟಿಲು ಬರಿದಾಗುತ್ತಿತ್ತು. ಜನ ದೃಷ್ಟಿ ಅನ್ನುವರು, ಗಾಳಿ ಅನ್ನುವರು. ಅಕ್ಕ ಅದು ಒಂದು ವೈರಸ್ಸು ಅನ್ನುವಳು. ದೊಡ್ಡವರಿಗೆ ಬಂದರೆ ಎರಡು ದಿನ ಸೀನಿ ಮರೆತುಬಿಡುತ್ತಾರೆ, ಕೂಸಿಗೆ ಬಂದರೆ ಎದೆಗೆ ಇಳಿಯುತ್ತದೆ. ಅದು ಮನೆಯಿಂದ ಮನೆಗೆ ಹೇಗೆ ಹೋಗುತ್ತದೆ ಅನ್ನುವುದನ್ನು ಹಿಡಿಯಬೇಕು ಅಂತ ಅವಳ ಹಟ.

ಎಪ್ಪತ್ತಾರರ ಚಳಿಗಾಲದಲ್ಲಿ ರಜೆಯ ಮೇಲೆ ರಜೆ ಹಾಕಿಕೊಂಡು ಊರಿಗೆ ಬಂದು ಕೂತಳು. ಹತ್ತಿ ಸುತ್ತಿದ ಸಣ್ಣ ಕಡ್ಡಿಯನ್ನು ಕೂಸಿನ ಮೂಗಿನಲ್ಲಿ ಮೆಲ್ಲಗೆ ತಿರುಗಿಸಿ, ಅದನ್ನು ಒಂದು ಶೀಷೆಯೊಳಗೆ ಹಾಕಿ, ಶೀಷೆಯನ್ನು ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿಗೆ ಇಳಿಸಬೇಕು. ನನ್ನ ಹಳೇ ಸ್ಕೂಟರಿನಲ್ಲಿ ಹೋಗಿ ಐಸು ತರುವವನು ನಾನು, ಮದ್ದೂರಿನ ಐಸ್ ಕ್ಯಾಂಡಿ ಮಾಡುವವನ ಹತ್ತಿರ. ಫ್ಲಾಸ್ಕು ಹೊತ್ತು ರೈಲಿನಲ್ಲಿ ಬೆಂಗಳೂರಿಗೆ ಹೋಗುವವನೂ ನಾನೇ. ಒಂದು ಸಲ ಹನಕೆರೆಯ ಯಜಮಾನರೊಬ್ಬರು ಎದುರು ಕೂತು, ಫ್ಲಾಸ್ಕನ್ನೇ ನೋಡುತ್ತಾ, "ಮೇಷ್ಟ್ರೇ, ಒಂದ್ ಗುಟುಕು ಕಾಪಿ ಬುಡ್ರಲ್ಲ," ಅಂದರು. ಇದರಲ್ಲಿರುವುದು ಕಾಫಿಯಲ್ಲ, ಮೂಗಿನ ಸಿಂಬಳ ಅಂತ ಹೇಳಿದೆ. ಆ ಮನುಷ್ಯ ಬೆಂಗಳೂರಿನವರೆಗೂ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದರು.

ಐಸು ಸಿಕ್ಕಿತು, ಕೂಸುಗಳು ಸಿಗಲಿಲ್ಲ. ಅದು ಎಮರ್ಜೆನ್ಸಿ, ಗಂಡಸರನ್ನು ಹಿಡಿದು ಹಿಡಿದು ಮಕ್ಕಳಾಗದ ಆಪರೇಷನ್ ಮಾಡುತ್ತಾರೆ ಅಂತ ಊರೂರು ನಡುಗುತ್ತಿದ್ದ ಕಾಲ. ಜೀಪಿನ ಸದ್ದು ಕೇಳಿದರೆ ಗಂಡಸರು ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದರು. ಅಂಥದರಲ್ಲಿ ಡಾಕ್ಟರಮ್ಮ ಒಬ್ಬಳು ಕಡ್ಡಿ ಹಿಡಿದು ಬಂದು ಮಗುವನ್ನು ಕೊಡಿ ಅಂದರೆ ಯಾವ ತಾಯಿ ಕೊಟ್ಟಾಳು! ಇಂದ್ರಮ್ಮ ಅನ್ನುವವಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಮೂಗಿಂದ ಎಳ್ದು ಮುಂದ್ಕೆ ಮಕ್ಳಾಗ್ದಂಗೆ ಮಾಡ್ತಾರಂತೆ," ಅಂತ ಬಾಗಿಲು ಹಾಕಿಕೊಂಡಳು. ಅಕ್ಕ ಬೀದಿಯಲ್ಲಿ ನಿಂತು ಕಣ್ಣೀರು ಹಾಕಿದಳು. ನನಗೆ ರೇಗಿಹೋಯಿತು, ಇಂದ್ರಮ್ಮನ ಮೇಲೋ ಅಕ್ಕನ ಮೇಲೋ ತಿಳಿಯಲಿಲ್ಲ.

ಆಗ ದಾರಿ ಮಾಡಿಕೊಟ್ಟವಳು ಪಟ್ಟಲಮ್ಮ. ಊರಾಚೆ ಕೇರಿಯ ಸೂಲಗಿತ್ತಿ. ಅಕ್ಕನನ್ನೂ ನನ್ನನ್ನೂ ಭೂಮಿಗೆ ಎಳೆದವಳು ಅವಳೇ. ಊರಿನ ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳೇ ಬೇಕು, ಆಮೇಲೆ ತಿಂಗಳುಗಟ್ಟಲೆ ಕೂಸಿಗೆ ಎಣ್ಣೆ ಒತ್ತಿ ನೀರು ಹಾಕುವುದಕ್ಕೂ ಹೆಚ್ಚಿನ ಮನೆಗಳಲ್ಲಿ ಅವಳೇ ಬೇಕು. ಆದರೆ ಮುಂಬಾಗಿಲಲ್ಲಿ ಬರುವ ಹಾಗಿಲ್ಲ. ಹಿತ್ತಲಿನಿಂದ ಬಂದು, ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಮೊಣಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬಿಸಿನೀರು ಹುಯ್ದು, ಹಿತ್ತಲಿನಿಂದಲೇ ಹೋಗಬೇಕು. ನೀರು ಹಾಕಿದ ಮೇಲೆ ಕೊನೆಯ ಕೆಲಸ ಒಂದಿತ್ತು. ಮಗುವಿನ ಮೂಗಿಗೆ ಬಾಯಿ ಹಚ್ಚಿ ಎರಡು ಸಲ ಫೂ ಫೂ ಅಂತ ಊದುವಳು. ಮೂಗು ಬಿಚ್ಚಿಕೊಂಡರೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ ಅಂತ. ನಮ್ಮ ಸೀಮೆಯಲ್ಲಿ ಹಾಗೆ ಊದಿಸಿಕೊಳ್ಳದೆ ಬೆಳೆದವರು ಯಾರಿದ್ದಾರೆ!

ಅಕ್ಕ ಅತ್ತದ್ದು ತಿಳಿದು ಪಟ್ಟಲಮ್ಮ ಬಂದಳು. ಇಂದ್ರಮ್ಮನ ಹಿತ್ತಲಿನಲ್ಲಿ ನಾಲ್ಕು ಹೆಂಗಸರನ್ನು ಸೇರಿಸಿ, "ಇಕ್ರವ್ವ, ಮೊದ್ಲು ನನ್ ಮೂಗ್ಗೆ ಇಕ್ಕಿ, ಇವ್ರು ನೋಡ್ಲಿ," ಅಂತ ಮುಖ ಮುಂದೆ ಮಾಡಿದಳು. ಅಕ್ಕ ಕಡ್ಡಿ ಇಟ್ಟು ತೆಗೆದಳು. ಪಟ್ಟಲಮ್ಮ ಜೋರಾಗಿ ಸೀನಿ, ಮೂಗು ಒರೆಸಿಕೊಂಡು, "ನೋಡ್ರಮ್ಮಿ, ಸತ್ತೋದ್ನಾ ನಾನು?" ಅಂದಳು. ಹೆಂಗಸರೆಲ್ಲ ನಕ್ಕರು. ಅವತ್ತೇ ಇಂದ್ರಮ್ಮನ ಮಗುವಿನಿಂದ ಕೆಲಸ ಶುರುವಾಯಿತು. ನೀರು ಹಾಕುವ ಪಟ್ಟಲಮ್ಮನ ಹಿಂದೆ ಹಿಂದೆ ಅಕ್ಕ, ಅಕ್ಕನ ಹಿಂದೆ ಐಸು ಹೊತ್ತ ನಾನು. ಅಕ್ಕನಿಗೆ ಕೂಸುಗಳೆಂದರೆ ಪ್ರಾಣ. ಕಡ್ಡಿ ಇಡುವ ಮೊದಲು ಎತ್ತಿಕೊಂಡು ಮೂಗಿಗೆ ಮೂಗು ಉಜ್ಜಿ ನಗಿಸುವಳು. ಚಳಿಗಾಲ ಪೂರ್ತಿ ಅವಳದೂ ಮೂಗು ಕಟ್ಟಿಕೊಂಡೇ ಇತ್ತು, ಕೇಳಿದರೆ, "ನಿನ್ನ ಸ್ಕೂಟರಿನ ಧೂಳು ಕಣೋ," ಅನ್ನುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಶೀಷೆಗಳಲ್ಲಿ ಏನು ಸಿಕ್ಕಿತು ಅಂತ ನೋಡಲು ಬೆಂಗಳೂರಿಗೆ ಹೋಗಿ ಬಂದವಳು ಊಟಕ್ಕೆ ಕೂರದೆ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಹೋಗಿ ನಿಂತಳು. ಏನಾಯಿತೇ ಅಂತ ಕೇಳಿದೆ.

"ಪಕ್ಕೆ ಎಳೆದ ಮಕ್ಕಳೆಲ್ಲ ಪಟ್ಟಲಮ್ಮ ನೀರು ಹಾಕಿದ ಮನೆಯವು, ವರದ. ಅಜ್ಜಿಯರೇ ನೀರು ಹಾಕಿಕೊಂಡ ಮನೆಗಳಿಗೆ ಅದು ಹೋಗೇ ಇಲ್ಲ. ಮಕ್ಕಳಲ್ಲಿ ಸಿಕ್ಕಿದ ವೈರಸ್ಸು ಪಟ್ಟಲಮ್ಮನ ಮೂಗಿನಲ್ಲೂ ಸಿಕ್ಕಿದೆ. ಅವರು ಊದ್ತಾರಲ್ಲ..."

ಧೈರ್ಯ ಹೇಳಲು ಅಂತ ಆ ಮುದುಕಿ ಮುಂದೆ ಚಾಚಿದ ಮೂಗು ಅದು.

"ಹೇಳಬೇಡ ಬಿಡೇ," ಅಂದೆ.

"ಹೇಳದಿದ್ದರೆ ಮುಂದಿನ ಚಳಿಗಾಲಕ್ಕೆ ಇನ್ನೊಂದು ಮಗು ಹೋಗತ್ತೆ. ಊರಿಗೆ ಹೇಳಿದರೆ ಪಟ್ಟಲಮ್ಮನ ಬದುಕು ಹೋಗತ್ತೆ. ಮೊದಲು ಅವರಿಗೇ ಹೇಳ್ತೀನಿ."

ಕೇರಿಯವರನ್ನು ನಮ್ಮ ಮನೆಯಲ್ಲಿ 'ಅವರು', 'ನೀವು' ಅಂತಿದ್ದವಳು ಅಕ್ಕ ಒಬ್ಬಳೇ. ಮಾರನೆಯ ದಿನ ಪಟ್ಟಲಮ್ಮ ಹಿತ್ತಲಿಗೆ ಬಂದಾಗ ಅಕ್ಕ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದಳು. ನಿಮ್ಮ ತಪ್ಪಲ್ಲ, ನಿಮಗೆ ಗೊತ್ತೇ ಆಗದ ಹಾಗೆ ಇರತ್ತೆ, ಊದುವುದೊಂದು ಬಿಟ್ಟರೆ ಸಾಕು ಅಂತ. ಮೂಗು ಸೋರುವಾಗ ಅಪ್ಪ ಮಡಪ್ಪಳ್ಳಿಯಲ್ಲಿ ಕಟ್ಟುವಂಥ ಬಟ್ಟೆಯೊಂದನ್ನು ಕಟ್ಟಿಕೊಂಡರೆ ಆಯಿತು ಅಂತ. ಪಟ್ಟಲಮ್ಮ ಪೂರ್ತಿ ಕೇಳಿದಳು. ಯಾವತ್ತೂ ಅಮ್ಮೋರೆ ಅನ್ನುತ್ತಿದ್ದವಳು ಅವತ್ತು ಏಕವಚನಕ್ಕೆ ಇಳಿದಳು.

"ನಿಮ್ಮೋರು ನಮ್ ನೆಳ್ಳು ಬೀಳಬಾರ್ದು ಅಂದ್ರು. ಆಗ್ಲಿ ಬುಡು ಅಂತ ಇತ್ಲು ಕಡಿಂದ ಬಂದೊ. ಈಗ ನೀನು ಇಷ್ಟೆಲ್ಲ ಓದ್ಕಂಡು ಬಂದು ನಮ್ ಉಸ್ರೂ ಬೀಳಬಾರ್ದು ಅಂತೀಯಲ್ಲವ್ವ?"

"ಅಯ್ಯೋ, ಹಾಗಲ್ಲ ಪಟ್ಟಲಮ್ಮ..."

"ಇನ್ನೆಂಗೆ? ನಿಮ್ಮವ್ವನ ಒಟ್ಟೆಯಿಂದ ನಿನ್ನ ಈಚಿಗೆ ಎಳ್ದಾಗ ನೀನು ಕಮಕ್ ಅನ್ನಲಿಲ್ಲ. ಊದಿದ್ದು ನಾನು. ಆಗೇನು ಇಸ ಇರಲಿಲ್ವಾ ನನ್ ಬಾಯಲ್ಲಿ? ನಮ್ಮಪ್ಪ ನಿಮ್ಮೋರ್ ಮುಂದೆ ಬಾಯಿಗೆ ಕೈ ಅಡ್ಡ ಇಟ್ಕಂಡೇ ಸತ್ತ. ನಾನು ಬಟ್ಟೆ ಕಟ್ಟಾಕಿಲ್ಲ." ಎದ್ದು ಸೆರಗು ಕೊಡವಿದಳು. "ನನ್ ಮೂಗ್ಗೆ ಕಡ್ಡಿ ಇಕ್ಕಿದ್ಯಲ್ಲ, ನಿನ್ ಮೂಗ್ಗೆ ಇಕ್ಕಿದ್ಯಾ? ನಾನು ಓದ ಮನೆಗೆಲ್ಲ ನೀನೂ ಬಂದಿದ್ಯಲ್ಲ!"

ಹಿತ್ತಲಿನ ಬಾಗಿಲು ದಾಟಿ ಹೋದವಳು ಅವತ್ತಿನಿಂದ ಊರಿನ ಯಾವ ಕೂಸನ್ನೂ ಮುಟ್ಟಲಿಲ್ಲ. ಯಾರು ಕರೆಯಲು ಹೋದರೂ, "ನನ್ ಉಸ್ರು ಸರಿಯಿಲ್ವಂತೆ, ಓಗ್ರಪ್ಪ," ಅಂದು ಕಳಿಸುತ್ತಿದ್ದಳು.

ಅಕ್ಕ ಆ ಮಧ್ಯಾಹ್ನವೇ ಕನ್ನಡಿಯ ಮುಂದೆ ನಿಂತು ತನ್ನ ಮೂಗಿಗೆ ಕಡ್ಡಿ ಇಟ್ಟುಕೊಂಡಳು. ನನ್ನ ಮೂಗನ್ನೂ ಬಿಡಲಿಲ್ಲ. ನಾನು ಫ್ಲಾಸ್ಕು ಹೊತ್ತುಕೊಂಡು ರೈಲು ಹತ್ತಿದೆ. ಕೆಲವು ವಾರ ಕಳೆದ ಮೇಲೆ ಉತ್ತರ ಬಂತು. ನನ್ನದರಲ್ಲಿ ಏನೂ ಇರಲಿಲ್ಲ. ಅಕ್ಕನದರಲ್ಲಿ ಅದೇ ವೈರಸ್ಸು ಹುಲುಸಾಗಿ ಬೆಳೆದಿತ್ತು. ಮೂಗಿಗೆ ಮೂಗು ಉಜ್ಜಿ ನಗಿಸುತ್ತಿದ್ದಳಲ್ಲ, ಸ್ಕೂಟರಿನ ಧೂಳು ಅನ್ನುತ್ತಿದ್ದಳಲ್ಲ! ಯಾವ ಮನೆಗೆ ಊದುವವಳು ತಂದಳೋ, ಯಾವ ಮನೆಗೆ ಕಡ್ಡಿ ಇಡುವವಳು ತಂದಳೋ, ಇನ್ನು ಬಿಡಿಸಿ ಹೇಳುವ ಹಾಗಿರಲಿಲ್ಲ.

ಸಂಶೋಧನೆಯ ಲೇಖನದಲ್ಲಿ ಅಕ್ಕ ಇಬ್ಬರ ವಿಷಯವನ್ನೂ ಬರೆದಳು. ವೈರಸ್ಸನ್ನು ಮನೆಯಿಂದ ಮನೆಗೆ ಒಯ್ದಿರಬಹುದಾದವರು ಮಕ್ಕಳಿಗೆ ನೀರು ಹಾಕುವಾಕೆ ಮತ್ತು ಈ ಲೇಖನ ಬರೆದಾಕೆ, ಅಂತ. ಸಂಶೋಧನಾಲಯದ ಹಿರಿಯರೊಬ್ಬರು ಎರಡನೆಯದನ್ನು ಹೊಡೆದುಹಾಕು ಅಂದರಂತೆ. ಪರೀಕ್ಷೆ ಮಾಡಲು ಹೋದವರೇ ರೋಗ ಹಂಚಿದರು ಅಂದರೆ ಕೆಲಸವೆಲ್ಲ ನೀರಿನಲ್ಲಿ ಹೋಮ ಆಗುತ್ತದೆ, ನಮ್ಮ ಹೆಸರೂ ಕೆಡುತ್ತದೆ ಅಂತ. "ಪಟ್ಟಲಮ್ಮನನ್ನು ಉಳಿಸಿ ನನ್ನನ್ನು ಹೊಡೆದುಹಾಕೋಕೆ ಆಗಲ್ಲ ಸಾರ್," ಅಂದಳಂತೆ ಅಕ್ಕ. ಹಾಗಾದರೆ ನಮ್ಮ ವಿಳಾಸ ಹಾಕಬೇಡ ಅಂದರು. ಅವಳು ತಲೆಯಾಡಿಸಿ, ಆತಗೂರು, ಮದ್ದೂರು ತಾಲ್ಲೂಕು ಅಂತ ನಮ್ಮ ಮನೆಯ ವಿಳಾಸ ಹಾಕಿ ಹೊರದೇಶದ ಪತ್ರಿಕೆಯೊಂದಕ್ಕೆ ಕಳಿಸಿಬಿಟ್ಟಳು. ನಮ್ಮಕ್ಕ ಮೆತ್ತಗೆ ಮಾತಾಡುವವಳು, ಆದರೆ ಅವಳನ್ನು ಬಗ್ಗಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ಅದು ಅಚ್ಚಾಯಿತು. ಎಪ್ಪತ್ತೆಂಟರ ನಡುವಿನಿಂದ ನಮ್ಮ ಮನೆಗೆ ಕಾರ್ಡುಗಳು ಬರಲು ಶುರುವಾದವು. ಆಗ ಹಾಗೇ, ಲೇಖನದ ಪ್ರತಿ ಬೇಕಾದರೆ ಬರೆದವರಿಗೆ ಒಂದು ಕಾರ್ಡು ಹಾಕಿ ಕೇಳಬೇಕು. ಪ್ರಾಗ್, ಮೆಲ್ಬೋರ್ನ್, ನಮಗೆ ಓದಲು ಬಾರದ ಲಿಪಿಯ ಯಾವ ಯಾವುದೋ ಊರು. ನಮ್ಮ ಪೋಸ್ಟ್‌ಮ್ಯಾನ್ ಪುಟ್ಟರಾಜು ಸೈಕಲ್ ನಿಲ್ಲಿಸಿ, "ಮೇಷ್ಟ್ರೇ, ನಿಮ್ಮಕ್ಕನ ನೆಗ್ಡಿ ಪರ್ಪಂಚಕ್ಕೆಲ್ಲ ಅಂಟ್ಕಂಡದೆ ಕಣ್ರೀ," ಅಂತ ಕೈತುಂಬ ಕೊಟ್ಟು ಹೋಗುವನು. ಒಂದು ಕಾರ್ಡಿನಲ್ಲಿ ಒಬ್ಬ ಪುಣ್ಯಾತ್ಮರು ಬರೆದಿದ್ದರು, ನಿಮ್ಮದನ್ನು ಓದಿ ನಮ್ಮ ಮಕ್ಕಳ ವಾರ್ಡಿನ ಡಾಕ್ಟರು, ನರ್ಸುಗಳ ಮೂಗನ್ನೂ ಪರೀಕ್ಷೆ ಮಾಡಿದೆವು, ಸಿಕ್ಕಿತು, ಈಗ ನೆಗಡಿಯಾದವರನ್ನು ಕೂಸುಗಳ ಹತ್ತಿರ ಬಿಡುತ್ತಿಲ್ಲ ಅಂತ. ನನಗೆ ಎದೆ ಉಬ್ಬಿಹೋಯಿತು. ಶಾಲೆಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ.

ಅಕ್ಕ ಮಾತ್ರ ಕಾರ್ಡುಗಳನ್ನು ಮಡಿಲಲ್ಲಿಟ್ಟುಕೊಂಡು, "ಇಷ್ಟು ದೂರದಿಂದ ಇಷ್ಟು ಜನ ಬಂದರು, ಕೇರಿಯಿಂದ ಪಟ್ಟಲಮ್ಮ ಬರಲಿಲ್ಲವಲ್ಲೋ," ಅಂದಳು. ತನ್ನ ಮೂಗಿನ ವಿಷಯ ಗೊತ್ತಾದ ದಿನವೇ ಅವಳು ಕೇರಿಗೆ ಹೋಗಿದ್ದಳು. ನೀವು ಹೇಳಿದ್ದು ಸರಿ, ನನ್ನದರಲ್ಲೂ ಇತ್ತು ಅಂತ ಒಪ್ಪಿಕೊಂಡಿದ್ದಳು. ಪಟ್ಟಲಮ್ಮ ಮಣೆ ಕೊಟ್ಟು ಕೂರಿಸಿ, ಬೆಲ್ಲ ನೀರು ಕೊಟ್ಟು, "ಗೊತ್ತಾಯ್ತು ಬುಡಿ," ಅಂದಳೇ ಹೊರತು ಬರುತ್ತೇನೆ ಅನ್ನಲಿಲ್ಲ. ಆಮೇಲೆ ಊರಿಗೆ ಬಂದಾಗಲೆಲ್ಲ ಹೋಗುತ್ತಿದ್ದಳು, ಅದೇ ಮಣೆ, ಅದೇ ಬೆಲ್ಲ, ಅದೇ ಮಾತು. ಅಕ್ಕನಿಗೆ ಆ ಒಂದು ಮಾತು ಎಲ್ಲ ಕಾರ್ಡುಗಳಿಗಿಂತ ಭಾರವಾಗಿತ್ತು.

ಆ ವರ್ಷ ನನ್ನ ಹೆಂಡತಿ ರಂಗನಾಯಕಿ ಬಸುರಿ. ಮಂಡ್ಯದ ಆಸ್ಪತ್ರೆಗೆ ಸೇರಿಸುವುದು ಅಂತ ಮಾತಾಗಿತ್ತು, ಇನ್ನೂ ದಿನ ಇತ್ತು. ಅಕ್ಕ ಜೊತೆಗಿರಲು ಅಂತ ಬೆಂಗಳೂರಿನಿಂದ ಬಂದಳು, ಬರುವಾಗ ರೈಲಿನಲ್ಲಿ ಭರ್ಜರಿ ನೆಗಡಿ ಹತ್ತಿಸಿಕೊಂಡು ಬಂದಳು. ನೆಗಡಿ ಡಾಕ್ಟರಿಗೇ ನೆಗಡಿ! ಅಪ್ಪನ ಮಡಪ್ಪಳ್ಳಿಯ ಬಟ್ಟೆಯೊಂದನ್ನು ಮೂಗಿಗೆ ಕಟ್ಟಿಕೊಂಡು, ಬಸುರಿಯ ಹತ್ತಿರ ಸುಳಿಯುವುದಿಲ್ಲ ಅಂತ ಜಗುಲಿಯ ಮೇಲೆಯೇ ಚಾಪೆ ಹಾಸಿಕೊಂಡಳು. ಊಟವೂ ಅಲ್ಲೇ. ಅಪ್ಪ ತಟ್ಟೆಯನ್ನು ದೂರದಿಂದ ತಳ್ಳಿ, "ಈಗ ಗೊತ್ತಾಯಿತಾ ಮಡಿ ಅಂದರೆ ಏನು ಅಂತ?" ಅಂತ ಛೇಡಿಸುತ್ತಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ರಂಗನಾಯಕಿಗೆ ನೋವು ಕಾಣಿಸಿಕೊಂಡುಬಿಟ್ಟಿತು. ಬಸ್ಸು ಹೋಗಿಯಾಗಿತ್ತು. ಅಕ್ಕ ಹೊಸ್ತಿಲಾಚೆಯಿಂದಲೇ ಇಣುಕಿ ನೋಡಿ, "ಮಂಡ್ಯಕ್ಕೆ ಹೋಗೋಷ್ಟು ಹೊತ್ತಿಲ್ಲ ಕಣೋ. ಓಡು, ಕೇರಿಗೆ ಓಡು!" ಅಂತ ಕೂಗಿದಳು.

ಪಟ್ಟಲಮ್ಮ ಬಿಸಿಲಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಸ್ಕೂಟರಿನಿಂದ ಇಳಿಯುವ ಮೊದಲೇ ಎಲ್ಲ ಹೇಳಿ ಮುಗಿಸಿದೆ. ಅವಳು ತಲೆ ಎತ್ತಲಿಲ್ಲ.

"ನಿಮ್ಮಕ್ಕ ಇಲ್ವಾ?"

"ಇದ್ದಾಳೆ. ಅವಳಿಗೆ ನೆಗಡಿ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಜಗುಲಿ ಮೇಲೆ ಕೂತಿದ್ದಾಳೆ, ಒಳಗೆ ಹೆಜ್ಜೆ ಇಡಲ್ಲ ಅಂತಾಳೆ."

"ಅವ್ರ್ ಮನೆಗೇ?"

"ಅವಳ ಮನೆಗೇ."

ಪಟ್ಟಲಮ್ಮ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು. ಒಂದು ಗಳಿಗೆ ನನ್ನ ಮುಖ ನೋಡಿ, ಎದ್ದು ಬಂದು ಸ್ಕೂಟರಿನ ಹಿಂದೆ ಕೂತಳು. ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬುಡು ಮತ್ತೆ, ಏನ್ ನೋಡ್ತಾ ಇದ್ದೀಯೆ?" ಅಂದಳು. ಊರಿನ ನಡುಬೀದಿಯಲ್ಲಿ ಹಾಗೆ ಬಂದೆವು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ನೋಡಲಿ, ನನಗೇನು!

ಮನೆಯ ಮುಂದೆ ಇಳಿದವಳು ಅಭ್ಯಾಸದಂತೆ ಹಿತ್ತಲಿನ ದಾರಿಗೆ ತಿರುಗಿದಳು. ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ ಅಪ್ಪ, "ಅಯ್ಯೋ, ಅಷ್ಟು ದೂರ ಸುತ್ತೋಕೆ ಹೊತ್ತಿಲ್ಲ, ಇಲ್ಲಿಂದಲೇ ಬಾರಮ್ಮ!" ಅಂತ ಗದರಿದರು. ಪಟ್ಟಲಮ್ಮ ನಮ್ಮ ಮುಂಬಾಗಿಲನ್ನು ದಾಟಿದ್ದು ಅದೇ ಮೊದಲು. ಆ ಕಡೆಯಿಂದ ಬಾಣಂತಿ ಕೋಣೆಗೆ ದಾರಿ ಯಾವುದು ಅಂತ ಅವಳಿಗೆ ತಿಳಿಯಲಿಲ್ಲ, ಅಪ್ಪನೇ ಮುಂದೆ ಹೋಗಿ ತೋರಿಸಿದರು. ಅಕ್ಕ ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪಟ್ಟಲಮ್ಮ ಅಕ್ಕನ ಮುಖದ ಬಟ್ಟೆಯನ್ನೇ ನೋಡಿ, ತನ್ನ ಸೆರಗನ್ನು ಮೂಗಿನ ಮೇಲೆ ಸುತ್ತಿ ಕಟ್ಟಿಕೊಂಡು ಒಳಗೆ ಹೋದಳು.

ಅಕ್ಕ ಕೋಣೆಯ ಬಾಗಿಲಿನಿಂದ ಮಾರು ದೂರದಲ್ಲಿ ನಿಂತಳು, ನಾನು ಅವಳ ಬೆನ್ನ ಹಿಂದೆ. ರಂಗನಾಯಕಿಯ ಕೂಗು ಕೇಳಿಸುತ್ತಿತ್ತು, ಪಟ್ಟಲಮ್ಮನ ಗದರಿಕೆ ಕೇಳಿಸುತ್ತಿತ್ತು. ಆಮೇಲೆ, "ಬಂತು ಬಂತು, ಎಣ್ಮಗ," ಅಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಮಗುವಿನ ಅಳು ಬರಲಿಲ್ಲ. ಬೆನ್ನು ತಟ್ಟುವ ಸದ್ದು ಬಂತು, ಅಂಗಾಲು ಉಜ್ಜುವ ಸದ್ದು ಬಂತು, ಅಳು ಮಾತ್ರ ಬರಲಿಲ್ಲ.

ಪಟ್ಟಲಮ್ಮ ಕೂಸನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ತಿರುಗಿದಳು. ಕೂಸು ನೀಲಿಗಟ್ಟಿತ್ತು. ಸೆರಗಿನ ಮೇಲೆ ಅವಳ ಕಣ್ಣೆರಡೇ ಕಾಣುತ್ತಿದ್ದವು.

"ಊದ್ಲಾ?" ಅಂತ ಕೇಳಿದಳು.

ಜನ್ಮದಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಊದಿದ ಹೆಂಗಸು ಅವತ್ತು ನಮ್ಮಕ್ಕನನ್ನು ಕೇಳಿದಳು.

"ಊದಿ ಪಟ್ಟಲಮ್ಮ, ಊದಿ!" ಅಂತ ಅಕ್ಕ ಚೀರಿದಳು. "ಆ ಬಟ್ಟೆ ಕಿತ್ತುಹಾಕಿ ಊದಿ! ನನ್ನ ಉಸಿರು ಕೆಲಸಕ್ಕೆ ಬರಲ್ಲ, ನಿಮ್ಮದೇ ಬೇಕು!"

ಪಟ್ಟಲಮ್ಮ ಸೆರಗು ಕಿತ್ತೆಸೆದು, ಕೂಸಿನ ಬಾಯನ್ನು ಬೆರಳಿನಿಂದ ಒರೆಸಿ, ಮೂಗು ಬಾಯಿ ಎರಡಕ್ಕೂ ತನ್ನ ಬಾಯಿ ಹಚ್ಚಿ ಮೆಲ್ಲಗೆ ಊದಿದಳು. ಮತ್ತೆ ಊದಿದಳು. ಅಪ್ಪ ನಡುಮನೆಯಲ್ಲಿ ನಾರಾಯಣ ನಾರಾಯಣ ಅನ್ನುತ್ತಿದ್ದರು. ಇನ್ನೊಂದು ಸಲ ಊದುವಷ್ಟರಲ್ಲಿ ಕೂಸು ಬಿಕ್ಕಿತು, ಕೆಮ್ಮಿತು, ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿಕೊಂಡಿತು. ಅದರ ಗಂಟಲು ಇವತ್ತಿಗೂ ಹಾಗೇ ಇದೆ, ಅದು ಬೇರೆ ಮಾತು.

ಅಕ್ಕ ಮುಖದ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಅಳುತ್ತಾ, ಎಲ್ಲ ಮರೆತು, ಕೈ ಚಾಚಿಕೊಂಡು ಕೋಣೆಯೊಳಗೆ ನುಗ್ಗಿದಳು. ಪಟ್ಟಲಮ್ಮ ಕೂಸನ್ನು ಎದೆಗವಚಿಕೊಂಡು ಒಂದು ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕೊಳಿ ಅಮ್ಮೋರೆ. ಒಳಿಕ್ ಬರಬ್ಯಾಡಿ. ನಿಮ್ ಮೂಗು ಸೋರ್ತಾ ಅದೆ."

ಅಕ್ಕ ಅಲ್ಲೇ ನಿಂತಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಹೊಸ್ತಿಲಾಚೆ ಕೂತು, ಅಲ್ಲಿಂದಲೇ ಕತ್ತು ಚಾಚಿ, ಪಟ್ಟಲಮ್ಮ ನಮ್ಮ ಮಗಳಿಗೆ ಮೊದಲ ನೀರು ಹಾಕುವುದನ್ನು ನೋಡಿದಳು.